ಪ್ರೀ ನರ್ಸರಿ ಮಕ್ಕಳ ಕ್ರಿಸ್‌ಮಸ್ ಗಿಫ್ಟಿಗೆ ಬ್ಯಾಟರಿ ಕೀಬೋರ್ಡ್ ಅಂತೆ, ಬೇರೆ ಎಂತ ಕೊಡ್ಬಹುದು ಹೇಳಿ ಮಾರಾಯ್ರೆ

ಕಂಕನಾಡಿ_ಅಮ್ಮ
ನಮಸ್ಕಾರ ಎಲ್ರಿಗೂ. ಮಗಳಿಗೆ ಮೂರೂವರೆ ವರ್ಷ, ಪ್ರೀ ನರ್ಸರಿ, ಕ್ಲಾಸಲ್ಲಿ 28 ಮಕ್ಕಳು. ಕ್ರಿಸ್‌ಮಸ್ ರಜೆ ಶುರುವಾಗುವ ಮೊದಲು ಪೇರೆಂಟ್ಸ್ ಎಲ್ಲ ಸೇರಿ ಮಕ್ಕಳಿಗೆ ಎಂತಾದ್ರೂ ಕೊಡುವ ಅಂತ ಗ್ರೂಪಲ್ಲಿ ಮಾತಾಯ್ತು, ತಲೆಗೆ 400 ರೂಪಾಯಿ. ಒಬ್ರು ಮ್ಯೂಸಿಕ್ ಇರುವಂಥದ್ದು ಆಗ್ಲಿ ಬ್ರೈನಿಗೆ ಒಳ್ಳೇದು ಅಂದ್ರು, ಇನ್ನೊಬ್ರು ಕೂಡ್ಲೇ ಹಂಪನಕಟ್ಟೆಯಲ್ಲಿ ಬ್ಯಾಟರಿ ಕೀಬೋರ್ಡ್ ಹೋಲ್‌ಸೇಲಲ್ಲಿ ಸಿಗ್ತದೆ ಅಂತ ಫೋಟೋ ಹಾಕಿದ್ರು, ಲೈಟು, ನಾಯಿ ಬೊಗಳುದು, ಬೆಕ್ಕು ಕೂಗುದು, ಡೆಮೋ ಹಾಡು ಎಲ್ಲ ಉಂಟು ಅದ್ರಲ್ಲಿ. ಅರ್ಧ ಗ್ರೂಪು ಥಮ್ಸಪ್ ಒತ್ತಿಯೂ ಆಯ್ತು. ನಂಗೆ ಮನಸ್ಸಿಲ್ಲ, ಆದ್ರೆ ಬೇಡ ಅಂದ್ರೆ ಬದಲಿಗೆ ಎಂತ ಅಂತ ಹೇಳ್ಬೇಕಲ್ಲ. ಇನ್ನೊಂದು ಎಂತ ಅಂದ್ರೆ ಸ್ಕೂಲಿನ ಹಿಂದೆಯೇ ಒಂದು ಅಂಗನವಾಡಿ ಉಂಟು, ನಮ್ಮ ಮಕ್ಕಳ ಕೈಯಿಂದ ಅಲ್ಲಿಗೂ ಏನಾದ್ರೂ ಕೊಡಿಸುವ ಅಂತ ಟೀಚರ್ ಹೇಳ್ತಿದ್ದಾರೆ. ಗೊತ್ತಿದ್ದವ್ರು ಹೇಳಿ.

ನೀರುದೋಸೆ
ನಮ್ಮಲ್ಲಿ ಅದೇ ಉಂಟು, ಭಾವ ಕೊಟ್ಟದ್ದು. ಮಗ ಡೆಮೋ ಬಟನ್ ಒತ್ತುದು, ಕುಣಿಯುದು, ಹಾಡು ನಿಂತ ಕೂಡ್ಲೇ ಪುನಃ ಒತ್ತುದು. ಕೀ ಮುಟ್ಟುದೇ ಇಲ್ಲ. ಭಾವನಿಗೆ ಈಗ ಹೆಣ್ಣು ನೋಡ್ತಾ ಇದ್ದಾರೆ, ಮಕ್ಕಳಾಗ್ಲಿ, ನಾನೂ ಒಂದು ಕೊಡ್ಲಿಕ್ಕುಂಟು.

ಕಿವಿಮಾತು
ನಾನು ಆಡಿಯಾಲಜಿ, ಅಂದ್ರೆ ಕಿವಿ ಪರೀಕ್ಷೆಯ ಕೆಲ್ಸದವಳು, ಮಂಗ್ಳೂರಲ್ಲೇ. ಕೀಬೋರ್ಡಿಗೆ ನನ್ನ ತಕರಾರು ಎರಡು. ಒಂದು ಸದ್ದು. ಅಂಗಡಿಯಲ್ಲಿ ಕೈ ಉದ್ದಕ್ಕೆ ಹಿಡ್ದು ಕೇಳುವಾಗ ಓಕೆ ಅನಿಸ್ತದೆ, ಆದ್ರೆ ಸಣ್ಣ ಮಕ್ಕಳು ಅದನ್ನು ಕೈ ಉದ್ದದಲ್ಲಿ ಇಟ್ಟುಕೊಳ್ಳುದಿಲ್ಲ, ಸ್ಪೀಕರಿಗೇ ಕಿವಿ ಕೊಟ್ಟು ಮಲಗ್ತಾರೆ. ಹೆಡ್‌ಫೋನ್, ಮೊಬೈಲಿಗೆಲ್ಲ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳುವ ಮಿತಿ 75 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ, ದೊಡ್ಡವರಿಗೆ 80. ಸದ್ದು 3 ಡೆಸಿಬೆಲ್ ಏರಿದ್ರೆ ಕೇಳ್ಬಹುದಾದ ಹೊತ್ತು ಅರ್ಧಕ್ಕೆ ಇಳೀತದೆ, ಈಗ ಲೆಕ್ಕ ಹಾಕಿ. ಮನೆಯಲ್ಲಿ ಈಗಾಗ್ಲೇ ಇದ್ದವ್ರು ಸ್ಪೀಕರ್ ತೂತಿನ ಮೇಲೆ ಎರಡು ಪದರ ಪ್ಯಾಕಿಂಗ್ ಟೇಪ್ ಹಚ್ಚಿ, ಎಷ್ಟೋ ಕಮ್ಮಿ ಆಗ್ತದೆ.

ಎರಡನೇದು ಬಟನ್ ಸೆಲ್ಲು. ದೊಡ್ಡ ಕೀಬೋರ್ಡಿಗೆ ಪೆನ್ಸಿಲ್ ಸೆಲ್ ಇರ್ತದೆ, ಹೋಲ್‌ಸೇಲಿನ ಸಣ್ಣದ್ರಲ್ಲಿ, ಹಾಡುವ ಗ್ರೀಟಿಂಗ್ ಕಾರ್ಡಲ್ಲಿ ಎಲ್ಲ ಬಟನ್ ಸೆಲ್ಲೇ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡ್ರೆ ಎರಡು ಗಂಟೆಯೊಳಗೆ ಸುಟ್ಟ ಗಾಯ ಶುರುವಾಗ್ತದೆ, ಸೆಲ್ಲು ಖಾಲಿಯಾಗಿದ್ರೂ ಅಪಾಯವೇ. ನುಂಗಿದ ಸಂಶಯ ಬಂದ್ರೆ ವಾಂತಿ ಮಾಡಿಸ್ಲಿಕ್ಕೆ ಹೋಗ್ಬೇಡಿ, ಬಾಳೆಹಣ್ಣು ತಿನ್ನಿಸಿ ಕಾದು ನೋಡುವ ಅಂತಲೂ ಬೇಡ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಸೀದಾ ಓಡಿ. ಸೆಲ್ಲಿನ ಮುಚ್ಚಳ ಸ್ಕ್ರೂ ಹಾಕಿದ್ದಾ ಉಗುರಲ್ಲಿ ಬಿಚ್ಚುವಂಥದ್ದಾ ಅಂತ ನೋಡಿಯೇ ತಗೊಳ್ಳಿ. 2021 ಜನವರಿ 1ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರ್ತು ಕಡ್ಡಾಯ, ಅದಿಲ್ಲದ್ದು ಬೇಡವೇ ಬೇಡ.

ಪಡೀಲ್_ಅಪ್ಪ
ಎಲ್ಲದಕ್ಕೂ ಬೇಡ ಬೇಡ ಅಂದ್ರೆ ಹೇಗೆ ಮಾರಾಯ್ರೆ. ಮಗುವಿಗೆ ಕೈಯಲ್ಲಿ ಒಂದು ಪ್ಯಾಕೆಟ್ ಸಿಗ್ಬೇಕು, ಬಣ್ಣದ ಕಾಗದ ಹರಿದು ತೆಗಿಬೇಕು, ಹಬ್ಬ ಅಂದ್ರೆ ಅದೇ ಅಲ್ವಾ. ಮತ್ತೆ ಮ್ಯೂಸಿಕ್ ಕೇಳಿದ ಮಕ್ಕಳ ಬುದ್ಧಿ ಚುರುಕಾಗ್ತದೆ ಅಂತ ಪ್ರೂವ್ ಆಗಿದೆ, ಹೊಟ್ಟೆಯಲ್ಲಿರುವಾಗಲೇ ಮೊಜಾರ್ಟ್ ಹಾಕ್ತಾರೆ ಗೊತ್ತುಂಟಲ್ಲ.

ಮಣಿಪಾಲ_ಗುಡ್ಡೆ
ಪಡೀಲ್ ಅಣ್ಣ, ಆ ಮೊಜಾರ್ಟ್ ಸಂಗತಿ ಎಲ್ಲಿಂದ ಬಂತು ಕೇಳಿ. 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪುಟದ ಸಣ್ಣ ಬರಹ ಬಂತು. ಅದ್ರಲ್ಲಿ ಇದ್ದದ್ದು 36 ಕಾಲೇಜು ಹುಡುಗ ಹುಡುಗಿಯರು, ಮಕ್ಕಳಲ್ಲ. ಹತ್ತು ನಿಮಿಷ ಕೇಳಿಸಿದ ಮೇಲೆ ಕಾಗದ ಮಡಚುವ ತರದ ಒಂದು ಪರೀಕ್ಷೆಯಲ್ಲಿ ಸ್ವಲ್ಪ ಜಾಸ್ತಿ ಮಾರ್ಕು ಬಂತು, ಅದೂ ಹತ್ತು ಹದಿನೈದು ನಿಮಿಷಕ್ಕೆ ಇಳಿದೂ ಹೋಯ್ತು. ಪೇಪರಿನವ್ರ ಕೈಯಲ್ಲಿ ಅದು ಶಿಶುಗಳ ಬುದ್ಧಿ ಆಗಿ ಹೋಯ್ತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್ ಹುಟ್ಟಿದ ಪ್ರತಿ ಮಗುವಿಗೂ ಸರ್ಕಾರದ ಲೆಕ್ಕದಲ್ಲಿ ಒಂದೊಂದು ಸಂಗೀತದ ಸಿಡಿ ಕೊಡುವ ಅಂತ ಬಜೆಟಲ್ಲಿ ದುಡ್ಡು ಕೇಳಿದ್ರು. ನಿಮ್ಮ ಗ್ರೂಪಿನ ಕೀಬೋರ್ಡ್ ಐಡಿಯಾ ಅದ್ರದ್ದೇ ತಮ್ಮ.

ಇದಕ್ಕಿಂತ ಚಂದದ ಕೆಲ್ಸ ಜರ್ಮನಿಯ ಲೈಪ್ಜಿಗ್‌ನಲ್ಲಿ ಆಗಿದೆ, 2009ರಲ್ಲಿ ಬಂದದ್ದು. ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳಿಗೆ ಡ್ರಮ್ ಕೊಟ್ರು. ಒಮ್ಮೆ ಎದುರು ಮನುಷ್ಯ ಕೂತು ಬಾರಿಸಿದ, ಒಮ್ಮೆ ಯಂತ್ರ ಬಾರಿಸಿತು, ಒಮ್ಮೆ ಬರೀ ಸ್ಪೀಕರಿಂದ ಸದ್ದು. ಮನುಷ್ಯ ಎದುರಿದ್ದಾಗ ಮಕ್ಕಳ ಪೆಟ್ಟು ಹೆಚ್ಚು ಹೊಂದಿಕೊಂಡಿತು. ಮರುವರ್ಷ ಅದೇ ತಂಡ ನಾಲ್ಕು ವರ್ಷದ ಮಕ್ಕಳನ್ನು ಜೋಡಿ ಮಾಡಿ ಆಡಿಸಿತು, ಕೆಲವರಿಗೆ ಹಾಡಿ ಕುಣಿದು ಬಾರಿಸುವ ಆಟ, ಕೆಲವರಿಗೆ ಅದೇ ಆಟ ಆದ್ರೆ ಸಂಗೀತ ಇಲ್ಲ. ಆಮೇಲೆ ಬೇಕೂಂತಲೇ ಒಂದು ಮಗುವಿನ ಕೈಯಿಂದ ಗೋಲಿ ಚೆಲ್ಲುವ ಹಾಗೆ ಮಾಡಿ ನೋಡಿದ್ರೆ ಹೆಕ್ಕಿ ಕೊಡ್ಲಿಕ್ಕೆ ಜಾಸ್ತಿ ಬಂದದ್ದು ಒಟ್ಟಿಗೆ ಹಾಡಿದವ್ರು. ಹಬ್ಬಕ್ಕೆ ಕೊಡುದು ಅನ್ನುದಕ್ಕೂ ಸಂಗೀತಕ್ಕೂ ಸಂಬಂಧ ಇದ್ರೆ ಅದು ಇಲ್ಲಿ ಉಂಟು ಅಂತ ನಂಗೆ ಕಾಣುದು, ಡೆಮೋ ಬಟನಲ್ಲಿ ಅಲ್ಲ.

ಬಾಲವಾಡಿ_ಟೀಚರ್
ನಾನು ಉಡುಪಿ ಕಡೆ, ಸಣ್ಣ ಮಕ್ಕಳ ಕ್ಲಾಸು ತುಂಬ ವರ್ಷದಿಂದ ನೋಡ್ತಾ ಇರುವವಳು. ಸ್ವಲ್ಪ ಉದ್ದ ಆಗ್ತದೆ, ಓದಿ.

ಮೂರು ವರ್ಷದ ಮಗುವಿಗೆ ತಾಳ ಬರುದಿಲ್ಲ ಅಂತ ಪೇರೆಂಟ್ಸ್ ಹೆದರುದು ಬೇಡ. ಅದಕ್ಕೆ ಅದರದ್ದೇ ಒಂದು ನಡೆ ಇರ್ತದೆ, ಸಾಧಾರಣ ನಮ್ಮದಕ್ಕಿಂತ ಜೋರೇ. ನಾವು ಅದರ ಹಿಂದೆ ಹೋಗ್ಬೇಕು. ಮಗು ತಟ್ಟಿದ್ದಕ್ಕೆ ನಾವು ಹಾಡು ಕೂಡಿಸಿದ್ರೆ ಅದಕ್ಕೆ ಒಂದು ಗಳಿಗೆ ಆಶ್ಚರ್ಯ ಆಗ್ತದೆ, ನಿಲ್ಲಿಸ್ತದೆ, ನಮ್ಮ ಮುಖ ನೋಡ್ತದೆ, ಪುನಃ ತಟ್ಟಿ ನಾವು ಬರ್ತೇವಾ ಅಂತ ಪರೀಕ್ಷೆ ಮಾಡ್ತದೆ. ನಿಂತ್ರೆ ನಿಲ್ಲುದು ಹೊರಟ್ರೆ ಹೊರಡುದು, ಈ ಒಂದು ಆಟದಲ್ಲಿ ಅರ್ಧ ಗಂಟೆ ಹೋಗ್ತದೆ.

ಶ್ರುತಿ ಸಂಗತಿ ಯಾರೂ ಹೇಳುದಿಲ್ಲ. ಈ ಪ್ರಾಯದವ್ರಿಗೆ ಸಲೀಸಾಗಿ ಹಾಡ್ಲಿಕ್ಕೆ ಆಗುದು ಹಾರ್ಮೋನಿಯಂ ನಡು ಸಪ್ತಕದ ಎರಡನೇ ಬಿಳಿ ಕೀಯಿಂದ ಆರನೇ ಬಿಳಿ ಕೀಯ ತನಕ, ಅಷ್ಟೇ ಜಾಗ. ನಾವು ಟೀಚರುಗಳು ಗಂಟಲು ಬಿದ್ದು ಹೋದದ್ದಕ್ಕೆ ಕೆಳಗೆ ಹಾಡ್ತೇವೆ, ಮಕ್ಕಳು ನಮ್ಮ ಒಟ್ಟಿಗೆ ಬರ್ಲಿಕ್ಕೆ ಆಗದೆ ಕಿರುಚ್ತಾರೆ ಇಲ್ಲಾ ಮಾತಾಡ್ತಾರೆ, ಮತ್ತೆ ಈ ಮಗುವಿಗೆ ಸ್ವರ ಇಲ್ಲ ಅಂತ ನಾವೇ ಸರ್ಟಿಫಿಕೇಟ್ ಕೊಡುದು. ನೀವು ಸ್ವಲ್ಪ ಮೇಲೆ ತಗೊಂಡು ನೋಡಿ. ಪುಟ್ಟ ಪದ್ಯ ಸಾಕು, ಎರಡು ಮೂರು ಸ್ವರದ್ದು. ದೂರದಿಂದ ಅಮ್ಮಾ ಅಂತ ರಾಗ ಎಳ್ದು ಕರೀತಾವಲ್ಲ, ಮೇಲಿಂದ ಕೆಳಗೆ ಬರ್ತದೆ ಸ್ವರ, ಅಲ್ಲಿಂದಲೇ ಶುರು ಮಾಡ್ಬಹುದು. ಹಂಗೇರಿಯ ಕೊಡಾಯ್ ಅನ್ನುವ ಸಂಗೀತಗಾರನ ಹೆಸರಿನ ಪದ್ಧತಿಯಲ್ಲೂ ಮಕ್ಕಳಿಗೆ ಮೊದ್ಲು ಹಿಡಿಸುದು ಆ ಎರಡು ಸ್ವರವೇ. ನಮ್ಮಲ್ಲಿ ಬಂಟ್ವಾಳದ ಪಂಜೆ ಮಂಗೇಶರಾಯರು ಮಕ್ಕಳಿಗೆ ಅಂತಲೇ ಬರೆದು ಇಟ್ಟು ಹೋಗಿದ್ದಾರೆ, ಹಾಡು ತುಂಬಿಸಿದ ಪೆನ್‌ಡ್ರೈವಿಗೆ ದುಡ್ಡು ಹಾಕುವ ಅಗತ್ಯ ಇಲ್ಲ.

ಈಗ ಗಿಫ್ಟಿಗೆ ಬರ್ತೇನೆ. 28 ಮಕ್ಕಳಿಗೆ 28 ಸದ್ದಿನ ಸಾಮಾನು ಕೊಟ್ಟು ಒಂದೇ ರೂಮಲ್ಲಿ ಬಿಟ್ರೆ ಟೀಚರಿಗೆ ನೀವು ಕೊಡುವ ಗಿಫ್ಟ್ ತಲೆನೋವು. ಕ್ಲಾಸಿಗೆ ಅಂತ ಒಂದು ಒಳ್ಳೇ ಚರ್ಮದ ವಾದ್ಯ, ಐದಾರು ಜೊತೆ ಭಜನೆಯ ಸಣ್ಣ ತಾಳ, ಒಂದು ಗಟ್ಟಿ ಬಟ್ಟೆಚೀಲ. ಸಾಕು. ನಮ್ಮಲ್ಲಿಗೆ ಒಮ್ಮೆ ಒಬ್ಬ ಅಜ್ಜ ಯಕ್ಷಗಾನದ ಹಳೇ ಮದ್ದಳೆ ತಂದಿದ್ರು. ಜೂನಿಂದ ಒಂದು ಶಬ್ದ ಮಾತಾಡದ ಹುಡುಗ ಒಬ್ಬ ಇದ್ದ, ಬಾಗಿಲ ಹತ್ರವೇ ಕೂರುವವ. ಅಂವ ಮೆಲ್ಲ ಬಂದು ಮದ್ದಳೆಯ ಎಡಬದಿಗೆ ಕೆನ್ನೆ ಒತ್ತಿದ. ಅಜ್ಜ ಬಲಬದಿಯಲ್ಲಿ ಒಂದೇ ಬೆರಳಲ್ಲಿ ತೋಂ ಅನ್ನಿಸಿದ್ರು. ಹುಡುಗ ಕೆನ್ನೆ ಮುಟ್ಟಿಕೊಂಡು ನೋಡಿದ, ಪುನಃ ಒತ್ತಿದ. ಅಜ್ಜ ಪುನಃ. ಮದ್ದಳೆಗೆ ಹಚ್ಚಿದ ಕರಣೆಯ ಕಪ್ಪು ಹುಡಿ ಎಲ್ಲ ಕೈಗೆ, ಯೂನಿಫಾರ್ಮಿಗೆ. ಮಾತು ಅವತ್ತೇ ಬಂತು ಅಂತ ಕಥೆ ಕಟ್ಟುದಿಲ್ಲ ನಾನು, ಬರ್ಲಿಲ್ಲ, ಜನವರಿ ಆಯ್ತು. ಆದ್ರೆ ಬಾಗಿಲ ಹತ್ರ ಕೂರುದು ಬಿಟ್ಟ.

ತಾಸೆ_ಪೆಟ್ಟು
ಟೀಚರ್ ಹೇಳಿದ್ದು ಕರೆಕ್ಟ್. ನಾವು ಅಷ್ಟಮಿಗೆ ಉಡುಪಿಯಲ್ಲಿ, ದಸರಾಕ್ಕೆ ಮಂಗ್ಳೂರಲ್ಲಿ ಹುಲಿವೇಷಕ್ಕೆ ಬಾರಿಸುವವ್ರು. ಅಪ್ಪನ ಹೆಗಲ ಮೇಲೆ ಕೂತ ಮಗು ನೋಡಿ, ತಾಸೆ ವಾದ್ಯ ಶುರುವಾದ ಕೂಡ್ಲೇ ಕಾಲು ಅಪ್ಪನ ಎದೆಗೆ ಹೊಡೀಲಿಕ್ಕೆ ಶುರು, ಯಾರೂ ಕಲಿಸಿದ್ದಲ್ಲ. ಆದ್ರೆ ಕೈಕೂಸು ಹಿಡ್ಕೊಂಡು ತಾಸೆಯ ಎದುರೇ ಬಂದು ವಿಡಿಯೋ ಮಾಡುವವ್ರು ಇದ್ದಾರೆ, ಮಗು ನೀಲಿ ಆಗುವಷ್ಟು ಅಳ್ತಾ ಇರ್ತದೆ, ಇವ್ರಿಗೆ ರೀಲ್ಸ್. ದೂರ ನಿಲ್ಲಿ ಮಾರಾಯ್ರೆ, ಐವತ್ತು ಮೀಟರ್ ಆಚೆಗೂ ಕೇಳ್ತದೆ ಅದು. ಜಾತ್ರೆ ಅಂಗಡಿಯ ಪ್ಲಾಸ್ಟಿಕ್ ಡೋಲು ತಗೋಬೇಡಿ, ಒಂದು ವಾರಕ್ಕೆ ಪದರ ಒಡೀತದೆ, ಅಂಚು ಕೈ ಕುಯ್ತದೆ. ಕದ್ರಿ ಜಾತ್ರೆ, ಅತ್ತೂರು ಚರ್ಚಿನ ಸಾಂತ್‌ಮಾರಿ ಹಬ್ಬ ಎಲ್ಲ ಜನವರಿಯಲ್ಲಿ, ಆಗ ಬೇಕಾದ್ರೆ ಮರದ್ದು ಹುಡುಕಿ.

ಗೆರಟೆ_ಸೌಟು
ದುಡ್ಡೇ ಬೇಡ. ಎರಡು ತೆಂಗಿನ ಗೆರಟೆ ಉಜ್ಜಿ ನಯ ಮಾಡಿ ಕೊಟ್ರೆ ಕುದುರೆ ಓಡುವ ಸದ್ದು. ತೆಂಗಿನ ಗರಿ ಸುತ್ತಿ ಪೀಪಿ ಮಾಡ್ಲಿಕ್ಕೆ ನಮ್ಮ ಅಮ್ಮನಿಗೆ ಈಗ್ಲೂ ಬರ್ತದೆ, ಅಜ್ಜಿಯಂದಿರನ್ನು ಕರೆಸಿ ಒಂದು ದಿನ ಮಾಡಿಸಿ. ಕ್ಲಾಸಿನ ಮಕ್ಕಳಿಗೆ ಗಿಲಕಿ ಮಾಡುವ ಅಂತ ನಾನು ಮಂಜೊಟ್ಟಿ ಕಾಯಿ, ಆ ಕೆಂಪು ಬೀಜ, ಒಟ್ಟು ಮಾಡ್ತಾ ಇದ್ದೇನೆ.

ಕಿವಿಮಾತು
ಗಿಲಕಿ ಮಾಡುವವ್ರು ಒಂದು ನೋಡಿಕೊಳ್ಳಿ. ಚೆನ್ನೆಮಣೆಯ ಮಂಜೊಟ್ಟಿ ಬೇರೆ, ಗುಲಗಂಜಿ ಬೇರೆ. ಕೆಂಪಿಗೆ ಕಪ್ಪು ಮೂತಿ ಇರುವ ಗುಲಗಂಜಿ ವಿಷ, ಅಗಿದು ನುಂಗಿದ್ರೆ ಜೀವಕ್ಕೇ ಕಷ್ಟ, ತೂತು ಹೊಡೆದದ್ದು ಇನ್ನೂ ಅಪಾಯ. ಮಂಜೊಟ್ಟಿಯೂ ಸಣ್ಣ ಮಕ್ಕಳ ಮೂಗಿಗೆ, ಗಂಟಲಿಗೆ ಹೋಗುವ ಸೈಜೇ. ರಾಗಿ ಹಾಕಿ, ಮುಚ್ಚಳ ಅಂಟಿಸಿ ಮೇಲಿಂದ ಬಟ್ಟೆ ಹೊಲಿಯಿರಿ.

ಬೆಂದೂರ್_ಬಾಯಿ
ನೀವೆಲ್ಲ ಕ್ರಿಸ್‌ಮಸ್ ಅಂದ್ರೆ ಗಿಫ್ಟ್ ಅಂತಲೇ ಮಾತಾಡ್ತೀರಿ, ನಮ್ಮ ಮನೆಗಳಲ್ಲಿ ಅದು ಕುಸ್ವಾರ್, ಹಬ್ಬದ ತಿಂಡಿಗಳು. ಡಿಸೆಂಬರ್ ಎರಡನೇ ವಾರದಿಂದ ಮನೆ ಇಡೀ ಎಣ್ಣೆ ಪರಿಮಳ, ನೆವ್ರಿ, ಕಿಡಿಯೊ, ತುಕ್ಡಿ, ಕೊಕಿಸಾಂ. ಮಕ್ಕಳ ಕೆಲ್ಸ ಎಂತ ಅಂದ್ರೆ ಕಿಡಿಯೊ ಸುತ್ತುದು, ಬಾಚಣಿಗೆಯ ಹಿಂದಿನ ಬದಿಗೆ ಹಿಟ್ಟು ಒತ್ತಿ ಗೀರು ಬರಿಸುದು, ಮತ್ತೆ ಪ್ಲೇಟಿಗೆ ಬಟ್ಟೆ ಮುಚ್ಚಿ ನೆರೆಮನೆಗೆ ಕೊಂಡೋಗುದು. ಶೆಟ್ರ ಮನೆಗೆ, ಭಟ್ರ ಮನೆಗೆ, ಬ್ಯಾರಿ ಅಣ್ಣನ ಮನೆಗೆ. ಪ್ಲೇಟು ಖಾಲಿ ಬರುದಿಲ್ಲ, ಸಕ್ಕರೆಯಾದ್ರೂ ಹಾಕಿ ಕೊಡ್ತಾರೆ. ನಾವು ಸಣ್ಣದಿರುವಾಗ ಪ್ಲೇಟು ಕೊಡುವ ಮೊದ್ಲು ಮೆಟ್ಟಿಲಲ್ಲಿ ನಿಂತು ಒಂದು ಕ್ಯಾರಲ್ ಹಾಡ್ಬೇಕು ಅಂತ ಅಮ್ಮನ ರೂಲ್. ನಾಚಿಕೆಯಿಂದ ಸತ್ತು ಹೋಗ್ತಿದ್ದೆವು, ಆದ್ರೂ ಹಾಡಿದ್ದು.

ಹಾಗಾಗಿ ನನ್ನ ಮಾತು, ಆ ಅಂಗನವಾಡಿಗೆ ನಿಮ್ಮ ಮಕ್ಕಳು ಹಾಡಿಕೊಂಡು ಹೋಗ್ಲಿ, ಕೈಯಲ್ಲಿ ಪ್ಲೇಟು ಇರ್ಲಿ. ಗುಳಿಯೊ ಮಾತ್ರ ಹಾಕ್ಬೇಡಿ, ಕಲ್ಲು ಅದು. ಕೊಂಕಣಿ ಗುಮಟ್ ತೋರಿಸ್ಬೇಕು ಅಂತಿದ್ರೆ ಹೇಳಿ, ನಮ್ಮ ವಾರ್ಡಲ್ಲಿ ಬಾರಿಸುವವ್ರಿದ್ದಾರೆ. ಮಣ್ಣಿನ ಮಡಕೆಯದ್ದು, ಮೊದಲೆಲ್ಲ ಉಡದ ಚರ್ಮ ಕಟ್ತಿದ್ರು, 1972ರ ವನ್ಯಜೀವಿ ಕಾಯ್ದೆ ಬಂದು ಅದು ಬಂದ್, ಈಗ ಆಡಿನದ್ದು. ಕೊಂಕಣಿ ಸಂಸ್ಥೆ ಮಾಂಡ್ ಸೊಭಾಣಿನವ್ರು 2008ರ ಜನವರಿಯಲ್ಲಿ ಶಕ್ತಿನಗರದ ಕಲಾಂಗಣ್‌ನಲ್ಲಿ 40 ಗಂಟೆ ನಿಲ್ಲಿಸದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದ ಊರು ಇದು, ಹಾಡುವವ್ರಿಗೆ ಇಲ್ಲಿ ಬರ ಇಲ್ಲ.

ಉಳ್ಳಾಲ_ಸೇತುವೆ
ಬಾಯಿ, ನಮ್ಮ ಮನೆಗೆ ಈ ಸಲ ನೆವ್ರಿ ಜಾಸ್ತಿ ಕಳಿಸಿ ಆಯ್ತಾ, ಬ್ಯಾರಿ ಅಣ್ಣ ಅಂದದ್ದಕ್ಕೆ ಚಾರ್ಜು ಅದು. ನಾನು ದಫ್ ಬಾರಿಸ್ತೇನೆ, ಚಿಕ್ಕಂದಿನಿಂದ. ಮಕ್ಕಳಿಗೆ ಅದ್ರಷ್ಟು ಒಳ್ಳೇದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ, ಹಗುರ, ಒಂದೇ ಕಡೆ ಚರ್ಮ, ಅಂಗೈಯಲ್ಲಿ ಹೊಡೆದ್ರೆ ಒಂದು ಸದ್ದು ಬೆರಳಲ್ಲಿ ಅಂಚಿಗೆ ಹೊಡೆದ್ರೆ ಇನ್ನೊಂದು. ಮಳೆಗಾಲದಲ್ಲಿ ಚರ್ಮ ಸಡಿಲ ಆಗಿ ಬೊದ್ ಬೊದ್ ಅಂತದೆ, ಡಿಸೆಂಬರಲ್ಲಿ ಬಿಸಿಲಿಗೆ ಹತ್ತು ನಿಮಿಷ ಇಟ್ರೆ ಕಂಚಿನ ಹಾಗೆ. ಕ್ಲಾಸಿಗೆ ಬೇಕಾದ್ರೆ ಬರ್ತೇನೆ, ದುಡ್ಡು ಗಿಡ್ಡು ಬೇಡ.

ಮೂಲ್ಕಿ_ಕಾರ್ಯಕರ್ತೆ
ನಾನು ಅಂಗನವಾಡಿಯವಳೇ, ಆದ್ದರಿಂದ ಸೀದಾ ಹೇಳ್ತೇನೆ ಬೇಜಾರು ಮಾಡ್ಬೇಡಿ. ಡಿಸೆಂಬರ್ ಬಂತು ಅಂದ್ರೆ ಕೊಡುವವ್ರು ಬರ್ತಾರೆ, ಕೇಕು, ಬಲೂನು, ಬ್ಯಾನರ್. ಮಕ್ಕಳನ್ನು ಸಾಲು ನಿಲ್ಲಿಸಿ ಕೈ ಚಾಚಿಸಿ ಫೋಟೋ. ಕೆಲವ್ರು ಸರಿ ಬರ್ಲಿಲ್ಲ ಅಂತ ಕೊಟ್ಟದ್ದನ್ನು ವಾಪಸ್ ತಗೊಂಡು ಇನ್ನೊಮ್ಮೆ ಕೊಡ್ತಾರೆ! ಒಂದು ಸಂಘದವ್ರು ಕೊಟ್ಟ ಕೀಬೋರ್ಡ್ ನಮ್ಮ ಕಪಾಟಿನ ಮೇಲೆ ಉಂಟು, ಸೆಲ್ಲು ಮುಗಿದ ಮೇಲೆ ಹಾಕುವವ್ರು ಯಾರು. ನಮ್ಮಲ್ಲಿ ಸಂಗೀತ ಇಲ್ಲ ಅಂತ ಮಾತ್ರ ಅಂದುಕೊಳ್ಬೇಡಿ, ಅಭಿನಯ ಗೀತೆ ದಿನಾ ಉಂಟು, ನಿಮ್ಮ ಕಾನ್ವೆಂಟ್ ಮಕ್ಕಳಿಗಿಂತ ನಮ್ಮವಕ್ಕೆ ಜಾಸ್ತಿ ಪದ್ಯ ಬರ್ತದೆ, ತುಳು, ಕನ್ನಡ, ಈಗ ಹಿಂದಿ ಮಾತಾಡುವ ಕೂಲಿಯವ್ರ ಮಕ್ಕಳೂ ಇದ್ದಾರೆ ಅವ್ರದ್ದೂ. ಕೊಡುದಾದ್ರೆ ಮೊದ್ಲು ಕಾರ್ಯಕರ್ತೆಯನ್ನು ಕೇಳಿ, ಬಾಲವಿಕಾಸ ಸಮಿತಿಗೆ, ಮೇಲ್ವಿಚಾರಕಿಗೆ ಒಂದು ಮಾತು ಹೇಳಿ. ಮತ್ತೆ ನಿಮ್ಮ ಮಕ್ಕಳು ಕೊಡುವವ್ರು ನಮ್ಮ ಮಕ್ಕಳು ತಗೊಳ್ಳುವವ್ರು ಅಂತ ಆಗ್ಬಾರ್ದು. ನಮ್ಮವೂ ನಿಮ್ಮವಕ್ಕೆ ಎರಡು ಪದ್ಯ ಕಲಿಸ್ಲಿ.

ಬಾಲವಾಡಿ_ಟೀಚರ್
ಕಾರ್ಯಕರ್ತೆ ಅಕ್ಕ, ನಿಮ್ಮ ಕೊನೇ ಸಾಲು ನಮ್ಮ ಆಡಳಿತ ಮಂಡಳಿಯ ಗೋಡೆಗೆ ಅಂಟಿಸ್ಬೇಕು.

ನೀರುದೋಸೆ
ಸಂಗೀತ ಅನುಭವ ಅಂತ ನಮ್ಮ ಸ್ಕೂಲಲ್ಲಿ ಆದದ್ದು ಆನ್ಯುವಲ್ ಡೇ. ಒಂದು ತಿಂಗಳು ಒಂದೇ ಸಿನಿಮಾ ಹಾಡು, ಡ್ರೆಸ್ಸಿಗೆ ದುಡ್ಡು, ತುಟಿಗೆ ಬಣ್ಣ, ರಾತ್ರಿ ಒಂಬತ್ತಕ್ಕೆ ಸ್ಟೇಜು, ಎದುರು ಆನೆ ಗಾತ್ರದ ಸ್ಪೀಕರು. ನನ್ನ ಮಗ ಕಿವಿ ಮುಚ್ಚಿ ನಿಂತ, ಸಿಡಿಯಲ್ಲಿ ಕೂಡ ಹಾಗೇ ಬಂದಿದೆ.

ಮಣಿಪಾಲ_ಗುಡ್ಡೆ
ಇನ್ನೊಂದು ಸೇರಿಸ್ತೇನೆ, ಮಕ್ಕಳ ಕೈಯಿಂದ ಕೊಡಿಸುವವ್ರಿಗೆ. ಕೆನಡಾದಲ್ಲಿ ಎರಡು ವರ್ಷದೊಳಗಿನ ಮಕ್ಕಳ ಮುಖ ನೋಡಿ ಮಾಡಿದ ಅಧ್ಯಯನ, 2012ರದ್ದು, ತಿಂಡಿ ಸಿಕ್ಕಾಗಿನದ್ದಕ್ಕಿಂತ ತನ್ನ ಬಟ್ಟಲಿಂದ ತೆಗೆದು ಬೊಂಬೆಗೆ ಕೊಟ್ಟಾಗ ಖುಷಿ ಜಾಸ್ತಿ ಕಂಡಿತು. ಆದ್ರೆ 2008ರ ಇನ್ನೊಂದ್ರಲ್ಲಿ, ಸಹಾಯ ಮಾಡಿದ್ದಕ್ಕೆ ಆಟಿಕೆ ಬಹುಮಾನ ಸಿಕ್ಕಿದ 20 ತಿಂಗಳ ಮಕ್ಕಳು ಮುಂದೆ ಸಹಾಯ ಮಾಡುದು ಕಮ್ಮಿ ಆಯ್ತು. ಕೊಟ್ರೆ ಚಾಕ್ಲೇಟ್ ಅಂತ ಆಸೆ ತೋರಿಸುದು ಬೇಡ. ತನ್ನ ಬಟ್ಟಲಿಂದ ಅನ್ನುದು ಮುಖ್ಯ, ಅಪ್ಪ ಅಂಗಡಿಯಿಂದ ತಂದ ಪ್ಯಾಕೆಟ್ಟನ್ನು ಮಗು ದಾಟಿಸಿದ್ರೆ ಅದು ಕೊರಿಯರು.

ಕಂಕನಾಡಿ_ಅಮ್ಮ
ಎಲ್ಲ ಓದಿದೆ, ಗ್ರೂಪಿಗೂ ಹಾಕಿದೆ, ಟೀಚರ್ ಹತ್ರ ಮಾತಾಡಿ ಬಂದೆ. ಹೀಗಾಯ್ತು. ಕೀಬೋರ್ಡ್ ಕ್ಯಾನ್ಸಲ್. ತಲೆಗೆ 400 ಇದ್ದದ್ದು 150ಕ್ಕೆ ಇಳಿಸಿದೆವು. ಅದ್ರಲ್ಲಿ ಎರಡು ದಫ್, ತಾಳ ಆರಾರು ಜೊತೆ ಎರಡು ಚೀಲ, ಒಂದು ನಮ್ಮ ಕ್ಲಾಸಿಗೆ ಒಂದು ಅಂಗನವಾಡಿಗೆ. ಅಲ್ಲಿನ ಅಕ್ಕನನ್ನು ಕೇಳಿದ್ದಕ್ಕೆ ತಾಳ ಬರ್ಲಿ, ಅದ್ರೊಟ್ಟಿಗೆ ಕೂರ್ಲಿಕ್ಕೆ ಒಂದು ದೊಡ್ಡ ಚಾಪೆ ಆದ್ರೆ ಉಪಕಾರ ಅಂದ್ರು, ನೆಲ ತುಂಬ ತಂಪಂತೆ. ಮಕ್ಕಳು ಕ್ಲಾಸಲ್ಲೇ ಕಿಡಿಯೊ ಸುತ್ತುದು, ಎಣ್ಣೆಯಲ್ಲಿ ಕರಿಯುದು ಬೆಂದೂರ್ ಬಾಯಿ. ಹೋಗುದು ಹಾಡಿಕೊಂಡು, ಅಲ್ಲಿ ಅವ್ರು ಎರಡು ಪದ್ಯ ಹೇಳಿಕೊಡುದು. ಫೋಟೋ ಇಲ್ಲ ಅಂದದ್ದಕ್ಕೆ ನಾಲ್ಕು ಜನ ಸಿಟ್ಟಾದ್ರು.

ಪಡೀಲ್_ಅಪ್ಪ
ನಾನೂ ಅದ್ರಲ್ಲಿ ಒಬ್ಬ. ದುಡ್ಡು ಕಮ್ಮಿ ಆದದ್ದು ಸಂತೋಷ, ಆದ್ರೆ ನನ್ನ ಮಗಳು ಮನೆಗೆ ಬಂದು ನಂಗೆಂತ ಸಿಕ್ಕಿತು ಅಂತ ಕೇಳ್ತಾಳೆ, ಆಗ ತಾಳದ ಚೀಲ ಸ್ಕೂಲಲ್ಲಿ ಉಂಟು ಅಂದ್ರೆ ಒಪ್ಪುವ ಪ್ರಾಯ ಅಲ್ಲ ಅದು. ಒಂದು ಸಣ್ಣದಾದ್ರೂ ಕೈಗೆ ಕೊಡಿ.

ಗೆರಟೆ_ಸೌಟು
ಅಣ್ಣ, 28 ಜೊತೆ ಗೆರಟೆ ನಾನು ಉಜ್ಜಿ ಕೊಡ್ತೇನೆ. ಬಣ್ಣದ ಕಾಗದ ಸುತ್ತುದು ನಿಮ್ಮ ಲೆಕ್ಕ.

ಪಡೀಲ್_ಅಪ್ಪ
ಆಯ್ತು. ಕಾಗದ ಹರಿಯುವ ಹಾಗೆ ಸುತ್ತುತ್ತೇನೆ.

ಉಳ್ಳಾಲ_ಸೇತುವೆ
ದಫ್ ಕಟ್ಟುವವ್ರ ಹತ್ರ ಹೇಳಿ ಆಗಿದೆ, ಮಕ್ಕಳ ಸೈಜು, ಅಂಚು ನಯ ಮಾಡ್ಲಿಕ್ಕೂ ಹೇಳಿದೆ. ಬರುದು ಯಾವಾಗ? ಶುಕ್ರವಾರ ಆಗ್ಲಿಕ್ಕಿಲ್ಲ, ಜುಮಾ ಉಂಟು. ಗುರುವಾರ ಹತ್ತಕ್ಕೆ ಆಗ್ಬಹುದಾ?

ಕಂಕನಾಡಿ_ಅಮ್ಮ
ಹತ್ತಕ್ಕೆ ಅವ್ರ ತಿಂಡಿ ಡಬ್ಬಿ ತೆಗಿಯುವ ಹೊತ್ತು. ಹತ್ತೂಮುಕ್ಕಾಲಿಗೆ ಬನ್ನಿ ಅಣ್ಣ, ಹಿಂದಿನ ಗೇಟಲ್ಲಿ. ಬಾಯಿ, ಕಿಡಿಯೊ ಹಿಟ್ಟಿಗೆ ಮೈದಾ ಎಷ್ಟು ಕೇಜಿ ಬೇಕು ಹೇಳಿ, ಇವತ್ತು ಸಂಜೆ ಅಂಗಡಿಗೆ ಹೋಗುವವಳು ನಾನು.